ಮಠದ ಶಾಲೆಗಳಲ್ಲಿ ಮಾಸ್ತರರು ಏಕೆ ನಿಲ್ಲುತ್ತಿಲ್ಲ? ಪಾಲಕರ ತಿಳಿವಳಿಕೆಗಾಗಿ



ಜೂನ್‌ನಲ್ಲಿ ಶಾಲೆ ತೆರೆದು ದೀಪಾವಳಿ ರಜೆ ಬರುವಷ್ಟರಲ್ಲಿ ಒಂದೇ ತರಗತಿಗೆ ಮೂರನೆಯ ಮಾಸ್ತರರು ಬಂದಿದ್ದಾರೆ ಎಂಬ ದೂರು ಅಕ್ಕಲಕೋಟ, ಜತ್ತ ಹಾಗೂ ದಕ್ಷಿಣ ಸೊಲ್ಲಾಪುರ ಭಾಗದ ಪಾಲಕರಿಂದ ನಮ್ಮ ಸಂಘಕ್ಕೆ ಬರುತ್ತಲೇ ಇದೆ. ಹೆಚ್ಚಿನ ದೂರುಗಳು ಮಠದ ಟ್ರಸ್ಟುಗಳು ನಡೆಸುವ, ಸರ್ಕಾರದ ಅನುದಾನವಿಲ್ಲದ ಸಣ್ಣ ಕನ್ನಡ ಶಾಲೆಗಳ ಕುರಿತಾದವು. ಅಕ್ಷರ ಕೂಡಿಸಿ ಓದುವುದನ್ನು ಒಬ್ಬರು ಕಲಿಸುತ್ತಾರೆ, ಒತ್ತಕ್ಷರಕ್ಕೆ ಬರುವಾಗ ಇನ್ನೊಬ್ಬರು ಬಂದು ಮೊದಲಿನಿಂದ ಆರಂಭಿಸುತ್ತಾರೆ. ಮಗು ಮೂರನೆಯ ಇಯತ್ತೆಗೆ ಬಂದರೂ ತಡವರಿಸುತ್ತದೆ. ಆಗ ಪಾಲಕರು ದಾಖಲೆ ಕಿತ್ತು ಇಂಗ್ಲಿಷ್ ಇಲ್ಲವೆ ಮರಾಠಿ ಶಾಲೆಗೆ ಹಾಕುತ್ತಾರೆ. ಹೀಗೆ ಹೋದ ಮಗು ಕನ್ನಡ ಶಾಲೆಗೆ ಮರಳಿ ಬಂದದ್ದನ್ನು ನಾವು ಕಂಡಿಲ್ಲ.

ಪಾಲಕರಿಗೆ ಇದನ್ನು ಕೇಳಲು ಸಂಕೋಚ. ಮಠದ ಶಾಲೆಯ ಬಗ್ಗೆ ಪ್ರಶ್ನೆ ಎತ್ತಿದರೆ ಅಪ್ಪಾವರಿಗೆ ಎದುರು ಮಾತಾಡಿದಂತಾಗುತ್ತದೆ ಎಂಬ ಭಾವನೆ ನಮ್ಮ ಕಡೆ ಗಟ್ಟಿಯಾಗಿದೆ. ಆದರೆ ಶಾಲೆಗೆ ಮಾನ್ಯತೆ ಕೊಟ್ಟಿರುವುದು ಶಿಕ್ಷಣ ಇಲಾಖೆ, ಅದನ್ನು ನಡೆಸುವುದು ನೋಂದಾಯಿತ ಸಂಸ್ಥೆಯ ಆಡಳಿತ ಮಂಡಳಿ. ಪ್ರಶ್ನೆ ಹೋಗಬೇಕಾದದ್ದು ಮಂಡಳಿಯ ಕಾರ್ಯದರ್ಶಿಗೆ. ಅಪ್ಪಾವರ ಪಾದಪೂಜೆಯ ದಿನ ಜನರ ಮುಂದೆ ಇದನ್ನು ಎತ್ತುವುದು ಬೇಡ, ಅದರಿಂದ ಯಾರಿಗೂ ಉತ್ತರ ಸಿಗುವುದಿಲ್ಲ.

ಮೊದಲು ಲೆಕ್ಕ ನೋಡೋಣ. ಇದು ಯಾವುದೇ ಒಂದು ಶಾಲೆಯ ಲೆಕ್ಕವಲ್ಲ, ಉದಾಹರಣೆ ಅಷ್ಟೆ. 110 ಮಕ್ಕಳು, ವರ್ಷಕ್ಕೆ ತಲಾ 6,000 ರೂಪಾಯಿ ಶುಲ್ಕ ಎಂದು ಹಿಡಿದರೆ ಒಟ್ಟು 6,60,000 ರೂಪಾಯಿ. ಬಾಡಿಗೆ, ಕರೆಂಟ್ ಬಿಲ್, ಸುಣ್ಣಬಣ್ಣ ಎಲ್ಲವನ್ನೂ ಮಠವೇ ನೋಡಿಕೊಂಡು, ಬಂದ ಹಣವನ್ನೆಲ್ಲ ಸಂಬಳಕ್ಕೇ ಕೊಟ್ಟರೂ ತಿಂಗಳಿಗೆ 55,000. ಆರು ಜನ ಶಿಕ್ಷಕರಿಗೆ ಹಂಚಿದರೆ ತಲೆಗೆ 9,166 ರೂಪಾಯಿ. ಅದೂ ಎಲ್ಲ ಪಾಲಕರು ಶುಲ್ಕವನ್ನು ವೇಳೆಗೆ ಕಟ್ಟಿದರೆ! ಕಬ್ಬಿನ ಬಿಲ್ಲು ಬಂದಮೇಲೆ ಕಟ್ಟುತ್ತೇವೆ ಎನ್ನುವವರು ನಮ್ಮಲ್ಲೇ ಎಷ್ಟು ಮಂದಿ ಇದ್ದಾರೆಂಬುದು ನಮಗೆಲ್ಲ ಗೊತ್ತು.

ಇನ್ನು ಆ ಶಿಕ್ಷಕರ ಕಡೆಯಿಂದ ನೋಡಿ. ಮಹಾರಾಷ್ಟ್ರದಲ್ಲಿ ಪ್ರಾಥಮಿಕ ಹಂತದ ಶಿಕ್ಷಣ ಸೇವಕರ ಮಾನಧನ 2023ರಿಂದ ತಿಂಗಳಿಗೆ 16,000 ರೂಪಾಯಿ. ಮೂರು ವರ್ಷ ಮುಗಿದರೆ ವೇತನ ಶ್ರೇಣಿ. ಗಡಿಯ ಆಚೆ ಕರ್ನಾಟಕ ಸರ್ಕಾರ 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಕ್ಕೆ ಪರೀಕ್ಷೆ ನಡೆಸಿತು. ನಮ್ಮ ಶಾಲೆಗಳಿಗೆ ವಿಜಯಪುರ, ಕಲಬುರಗಿ ಕಡೆಯಿಂದ ಬರುವ ಯುವಕ ಯುವತಿಯರು ಇಂಥ ಕರೆಗಾಗಿಯೇ ಕಾಯುತ್ತಿರುತ್ತಾರೆ. ಕಾಯುವುದು ತಪ್ಪಲ್ಲ. ಒಂಬತ್ತು ಸಾವಿರದಲ್ಲಿ ಮನೆ ನಡೆಸಬೇಕಾದವರನ್ನು ‘ಸೇವಾ ಮನೋಭಾವ ಇಲ್ಲ’ ಎಂದು ದೂರುವುದು ನಮಗೆ ಸರಿ ಕಾಣುವುದಿಲ್ಲ. ಮಠದ ಕೆಲಸವೆಂದರೆ ಸೇವೆ ಎಂಬ ಮಾತು ಸಂಬಳ ತಡವಾದಾಗಲೇ ಹೆಚ್ಚು ಕೇಳಿಬರುತ್ತದೆ.

ಹಾಗೆ ಹೋದವರ ಜಾಗ ತುಂಬುವುದು ಕನ್ನಡ ಮಾಧ್ಯಮದಲ್ಲಿ ಬಲು ಕಷ್ಟ. 2020ರ ಕಾಯ್ದೆಯಂತೆ ಎಲ್ಲ ಶಾಲೆಗಳಲ್ಲೂ ಮರಾಠಿ ಕಡ್ಡಾಯ. ಮರಾಠಿ ಕಲಿಸುವವರು ಊರಲ್ಲೇ ಸಿಗುತ್ತಾರೆ. ಗಣಿತ, ವಿಜ್ಞಾನವನ್ನು ಕನ್ನಡದಲ್ಲಿ ಹೇಳುವವರು ಸಿಗುವುದಿಲ್ಲ. ಜೊತೆಗೆ ಇಲ್ಲಿಯ ಪುಸ್ತಕಗಳು ಬಾಲಭಾರತಿಯವು, ಕರ್ನಾಟಕದವಲ್ಲ. ಭಾಷೆ ಕನ್ನಡವೇ ಆದರೂ ಪಾಠದ ಕ್ರಮ ಬೇರೆ, ಇತಿಹಾಸ ಭೂಗೋಳವಂತೂ ಪೂರ್ತಿ ಬೇರೆ. ಹೊಸ ಮಾಸ್ತರರಿಗೆ ಆ ಪುಸ್ತಕ ಕೈಹತ್ತಲು ಒಂದು ವರ್ಷ ಬೇಕು. ಕೈಹತ್ತಿದ ಮೇಲೆ ಅವರು ಹೋದರೆ ಶಾಲೆ ಕಳೆದುಕೊಳ್ಳುವುದು ಬರೀ ಒಬ್ಬ ನೌಕರನನ್ನಲ್ಲ.

ಸಂಬಳ ಹೆಚ್ಚಿಸುವುದು ಎಲ್ಲ ಟ್ರಸ್ಟಿಗೂ ಆಗದ ಮಾತು ಇರಬಹುದು. ಆದರೆ ಕಾಗದಪತ್ರ ಸರಿಯಾಗಿ ಇಡಲು ದುಡ್ಡು ಬೇಕಿಲ್ಲ. ಖಾಸಗಿ ಶಾಲಾ ನೌಕರರ ಸೇವಾ ಷರತ್ತುಗಳ 1977ರ ಮಹಾರಾಷ್ಟ್ರ ಕಾಯ್ದೆ ಅನುದಾನ ಇರುವ, ಇಲ್ಲದ ಎಲ್ಲ ಮಾನ್ಯ ಖಾಸಗಿ ಶಾಲೆಗಳಿಗೂ ಅನ್ವಯಿಸುತ್ತದೆ. ಅದರ ಪ್ರಕಾರ ನೇಮಕಾತಿ ಆದೇಶ ಲಿಖಿತವಾಗಿರಬೇಕು. ಖಾಯಂ ಜಾಗಕ್ಕೆ ನೇಮಕವಾದವರ ಪರೀಕ್ಷಾ ಅವಧಿ ಎರಡು ವರ್ಷ, ಶಿಕ್ಷಣ ಸೇವಕರಾದರೆ ಮೂರು. ಖಾಯಂ ಆದವರು ರಾಜೀನಾಮೆ ಕೊಡಬೇಕಾದರೆ ಮೂರು ತಿಂಗಳ ಮುನ್ಸೂಚನೆ, ಆಗದವರು ಒಂದು ತಿಂಗಳ ಮುನ್ಸೂಚನೆ ಕೊಡಬೇಕು. ಕೆಲವು ಕಡೆ ಆದೇಶವನ್ನೇ ಕೊಡದೆ ಜೂನ್‌ನಿಂದ ಏಪ್ರಿಲ್‌ವರೆಗೆ ಬಾಯಿಮಾತಿನ ಮೇಲೆ ದುಡಿಸಿ ಮತ್ತೆ ಜೂನ್‌ನಲ್ಲಿ ಕರೆಯುವ ರೂಢಿ ಇದೆ. ಬೇಸಿಗೆಯ ಸಂಬಳ ಉಳಿಯಿತೆಂದು ಮಂಡಳಿಗೆ ಸಮಾಧಾನ. ಆದರೆ ಆದೇಶವೇ ಇಲ್ಲದವರನ್ನು ಮುನ್ಸೂಚನೆ ಕೊಡದೆ ಹೋದಿರಿ ಎಂದು ಯಾವ ಬಾಯಿಂದ ಕೇಳುವುದು? ಹತ್ತು ಅಥವಾ ಹೆಚ್ಚು ನೌಕರರಿರುವ ಶಾಲೆಗಳ ಶಿಕ್ಷಕರಿಗೆ ಗ್ರಾಚ್ಯುಟಿ ಹಕ್ಕೂ ಇದೆ. ಅದನ್ನು ಸುಪ್ರೀಂ ಕೋರ್ಟ್ 2022ರಲ್ಲಿ ಎತ್ತಿಹಿಡಿದಿದೆ. ಐದು ವರ್ಷ ನಿಂತರೆ ಕೈಗೆ ಏನಾದರೂ ಬರುತ್ತದೆ ಎಂದು ಗೊತ್ತಿದ್ದವರು ನಾಲ್ಕನೆಯ ವರ್ಷದಲ್ಲಿ ಹೊರಡುವ ಮೊದಲು ಯೋಚಿಸುತ್ತಾರೆ.

ಈಗ ಇನ್ನೊಂದು ಚಿಂತೆ ಸೇರಿದೆ. ಸೇವೆಯಲ್ಲಿರುವ ಶಿಕ್ಷಕರಲ್ಲಿ ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಉಳಿದವರು ಎರಡು ವರ್ಷದೊಳಗೆ ಟಿಇಟಿ ಪಾಸಾಗಬೇಕು ಎಂದು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ತೀರ್ಪು ಕೊಟ್ಟಿತು. ಅಲ್ಪಸಂಖ್ಯಾತ ಸಂಸ್ಥೆಗಳ ಪ್ರಶ್ನೆಯನ್ನು ಅದೇ ತೀರ್ಪಿನಲ್ಲಿ ದೊಡ್ಡ ಪೀಠದ ವಿಚಾರಕ್ಕೆ ಬಿಟ್ಟಿತು. ಭಾಷಾ ಅಲ್ಪಸಂಖ್ಯಾತ ಪ್ರಮಾಣಪತ್ರ ಇರುವ ಕನ್ನಡ ಶಾಲೆಗಳು ಅದನ್ನೇ ನೆಚ್ಚಿ ಸುಮ್ಮನೆ ಕೂಡಬಾರದೆಂದು ನಮ್ಮ ಅಭಿಪ್ರಾಯ. ಅಭ್ಯಾಸಕ್ಕೆ ವಾರಕ್ಕೊಂದು ಮಧ್ಯಾಹ್ನ ಬಿಡುವು ಕೊಟ್ಟರೆ ಇದ್ದವರಾದರೂ ಉಳಿದಾರು.

ಪಾಲಕರು ಏನು ಕೇಳಬೇಕು? ‘ಮಾಸ್ತರರನ್ನು ಏಕೆ ಬಿಡಿಸಿದಿರಿ’ ಎಂದು ಜಗಳಕ್ಕೆ ಹೋಗಬೇಡಿ. ಅದರಲ್ಲಿ ಶಿಕ್ಷಕರ ಖಾಸಗಿ ವಿಷಯವೂ ಇರಬಹುದು, ಮಂಡಳಿ ಹೇಳಲಾರದು. ಕಳೆದ ಮೂರು ವರ್ಷಗಳಲ್ಲಿ ಎಷ್ಟು ಜನ ಬಂದರು, ಎಷ್ಟು ಜನ ಹೋದರು, ಅವರಲ್ಲಿ ವರ್ಷದ ನಡುವೆ ಹೋದವರೆಷ್ಟು ಎಂಬ ಸಂಖ್ಯೆ ಕೇಳಿ. ಸಂಬಳ ಯಾವ ತಾರೀಖಿಗೆ ಆಗುತ್ತದೆ, ಬ್ಯಾಂಕಿಗೆ ಹೋಗುತ್ತದೆಯೊ ಕೈಗೊ ಎಂದು ಕೇಳಿ. ಎಲ್ಲಕ್ಕಿಂತ ಮುಖ್ಯ, ಹೋಗುವವರು ಎಲ್ಲಿಯವರೆಗೆ ಪಾಠ ಆಯಿತು, ಯಾವ ಮಗುವಿಗೆ ಏನು ಬರುವುದಿಲ್ಲ ಎಂದು ಬರೆದಿಟ್ಟು ಹೋಗುವ ವಹಿ ಶಾಲೆಯಲ್ಲಿ ಇದೆಯೆ? ನಾವು ಸರ್ಕಾರಿ ಕಚೇರಿಯಲ್ಲಿದ್ದಾಗ ಚಾರ್ಜ್ ಕೊಡದೆ ಯಾರೂ ಕುರ್ಚಿ ಬಿಡುವಂತಿರಲಿಲ್ಲ. ನಲವತ್ತು ಮಕ್ಕಳ ತರಗತಿ ಒಂದು ಕಬ್ಬಿಣದ ಕಪಾಟಿಗಿಂತ ಕಡಿಮೆಯಲ್ಲವಲ್ಲ. ಈ ಪ್ರಶ್ನೆಗಳಿಗೆ ಜಾಗ ಪಾಲಕ-ಶಿಕ್ಷಕ ಸಂಘದ ಸಭೆ. ಆ ಸಭೆ ಕರೆಯದ ಶಾಲೆಯಾದರೆ ಮೊದಲ ಅರ್ಜಿ ಅದಕ್ಕೇ ಆಗಲಿ. ಅರ್ಜಿಗೆ ನಾಲ್ಕಾರು ಪಾಲಕರ ಸಹಿ ಇರಲಿ, ಆವಕ ಸಂಖ್ಯೆ ಹಾಕಿಸಿಕೊಂಡು ನಕಲು ಇಟ್ಟುಕೊಳ್ಳಿ. ಅದೇ ಸಭೆಯಲ್ಲಿ ಬಾಕಿ ಶುಲ್ಕದ ಮಾತೂ ಬರುತ್ತದೆ, ಅದಕ್ಕೂ ಸಿದ್ಧರಾಗಿ ಹೋಗಿರಿ.

ಮೇಲೆ ಹೇಳಿದ ಸೇವಾ ನಿಯಮಗಳು ಮಹಾರಾಷ್ಟ್ರಕ್ಕೆ ಮಾತ್ರ. ಆದವಾನಿ, ಹೊಸೂರು, ತಾಳವಾಡಿಯ ಸದಸ್ಯರು ತಮ್ಮ ರಾಜ್ಯದ ಕಾಯ್ದೆ ನೋಡಿಕೊಳ್ಳಬೇಕು. ಕಾಸರಗೋಡಿನ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಕನ್ನಡ ಬಾರದವರನ್ನು ನೇಮಿಸುವುದೇ ದೊಡ್ಡ ತಕರಾರು, ಅದರ ಬಗ್ಗೆ ಬೇರೆಯೇ ಬರೆಯಬೇಕು.

ಹೊಸ ವರ್ಷದ ನೇಮಕಗಳು ಬೇಸಿಗೆ ರಜೆಯಲ್ಲೇ ತೀರ್ಮಾನವಾಗುವುದರಿಂದ ಮಾರ್ಚ್ ಮುಗಿಯುವ ಮೊದಲೇ ಅರ್ಜಿ ಕೊಡುವುದು ಒಳ್ಳೆಯದು. ಅರ್ಜಿಯ ಕನ್ನಡ ಮತ್ತು ಮರಾಠಿ ನಮೂನೆಗಳು ಸಂಘದ ಕಾರ್ಯಾಲಯದಲ್ಲಿವೆ, ಸಂಜೆಯ ಹೊತ್ತು ಬಂದು ಒಯ್ಯಬಹುದು.

– ಕಾರ್ಯದರ್ಶಿ