ಹೊರಗೆ ಕೂತ ರೈಡರ್

ಹಿಂಗಾರಿ ರಾಶಿ ಮುಗಿದು ಜಾತ್ರೆಗಳು ಶುರುವಾದವೆಂದರೆ ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳ ಬಸ್ ನಿಲ್ದಾಣದ ಗೋಡೆಗಳ ಮೇಲೆ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಯ ಬ್ಯಾನರುಗಳು ಏಳುತ್ತವೆ. 55 ಕೆ.ಜಿ., 65 ಕೆ.ಜಿ., ಮುಕ್ತ ವಿಭಾಗ ಎಂದು ಬೇರೆ ಬೇರೆ ಪ್ರವೇಶ ಶುಲ್ಕ, ಬೇರೆ ಬೇರೆ ಬಹುಮಾನ. ಶಾಲೆಯ ಬಯಲಿಗೆ ನೀರು ಹೊಡೆದು ಮಣ್ಣು ಕೂರಿಸುತ್ತಾರೆ, ಸುಣ್ಣದ ಗೆರೆ ಎಳೆಯುತ್ತಾರೆ, ಮೂಲೆಗಳಲ್ಲಿ ಕಂಬ ನೆಟ್ಟು ದೊಡ್ಡ ಲೈಟು ಕಟ್ಟುತ್ತಾರೆ. ಸುತ್ತ ನಿಲ್ಲಿಸಿದ ಟ್ರ್ಯಾಕ್ಟರ್ ಟ್ರಾಲಿಗಳೇ ಗ್ಯಾಲರಿ. ಗಂಗಾವತಿಯ ನೀರಾವರಿ ಸೀಮೆಯಲ್ಲಿ ಎರಡು ಭತ್ತದ ಬೆಳೆಗಳ ನಡುವಿನ ಬಿಡುವು ನೋಡಿಕೊಂಡು ಇದೇ ನಡೆಯುತ್ತದೆ. ಬೆಳಗಿನ ಜಾವದವರೆಗೂ ಮೈಕು ನಿಲ್ಲುವುದಿಲ್ಲ.

ಎರಡು ಪಂದ್ಯಗಳ ನಡುವೆ ಟ್ರಾಲಿಯ ಮೇಲೆ ಮತ್ತೊಂದು ಪಂದ್ಯ ನಡೆಯುತ್ತದೆ, ಅದು ಮಾತಿನದು. ವಿಷಯ ಹೆಚ್ಚಾಗಿ ಬೆಂಗಳೂರು ಬುಲ್ಸ್. ಪ್ರೊ ಕಬಡ್ಡಿ ಲೀಗ್ 2014ರ ಜುಲೈನಲ್ಲಿ ಶುರುವಾದಾಗಿನ ಎಂಟು ತಂಡಗಳಲ್ಲಿ ಇದೂ ಒಂದು. ಕೊಪ್ಪಳ ಜಿಲ್ಲೆಯ ಹುಡುಗರಿಗೆ ಬೆಂಗಳೂರು ದೂರದ ಊರಾದರೂ ಬುಲ್ಸ್ ಸ್ವಂತ ತಂಡ. ವಾದ ಸಾಮಾನ್ಯವಾಗಿ ಒಂದೇ ಹೆಸರಿನಿಂದ ಶುರುವಾಗುತ್ತದೆ, ಹಿಂದೆ ಬುಲ್ಸ್‌ಗೆ ಆಡಿದ ರೈಡರ್ ಪವನ್ ಸೆಹ್ರಾವತ್ ಹೆಸರಿನಿಂದ.

"ಕಾಕಾ, ಪವನ್ ಇದ್ದಿದ್ರ ಕಪ್ ನಮ್ದಾಗಿತ್ತು ನೋಡ್ರಿ."

"ಇರವಲ್ಲನ್ಯಾಕ ತಮ್ಮ. ಅಂವ ಔಟಾಗಿ ಹೊರಗ ಕುಂತ್ರ, ತಿರುಗಿ ಒಳಗ ಕರ್ಕೊಳ್ಳಾಕ ಯಾರ ಅದಾರ? ಅದನ್ನ ಹೇಳು ಮೊದ್ಲ."

ಈ ಅಧ್ಯಾಯ ಕಾಕಾನ ಪ್ರಶ್ನೆಯ ಬೆನ್ನು ಹತ್ತುತ್ತದೆ. ಕಬಡ್ಡಿ ತಂಡವೊಂದರ ತಾಕತ್ತು ಅಳೆಯಲು ಅದಕ್ಕಿಂತ ಒಳ್ಳೆಯ ಪ್ರಶ್ನೆ ನನಗೆ ಗೊತ್ತಿಲ್ಲ.

ಕ್ರಿಕೆಟ್‌ನಲ್ಲಿ ಔಟಾದವನು ಆ ಇನಿಂಗ್ಸ್‌ಗೆ ಮುಗಿದ. ಕಬಡ್ಡಿಯಲ್ಲಿ ಹಾಗಲ್ಲ, ಔಟಾದವನು ಕಾಯುತ್ತಾನೆ. ತನ್ನ ತಂಡ ಎದುರಾಳಿಯ ಒಬ್ಬನನ್ನು ಔಟ್ ಮಾಡಿದರೆ ಹೊರಗಿನ ಸಾಲಿನಿಂದ ಒಬ್ಬ ಒಳಗೆ ಬರುತ್ತಾನೆ. ಮೊದಲು ಹೋದವನೇ ಮೊದಲು ಬರಬೇಕು, ತರಬೇತುದಾರ ತನಗೆ ಬೇಕಾದವನನ್ನು ಕರೆಯುವಂತಿಲ್ಲ. ಬೋನಸ್ ಗೆರೆ ದಾಟಿ ತಂದ ಅಂಕ ಸ್ಕೋರ್‌ಬೋರ್ಡಿಗೆ ಸೇರುತ್ತದೆಯೇ ಹೊರತು ಯಾರನ್ನೂ ಒಳಗೆ ತರುವುದಿಲ್ಲ. ಅದೂ ಎದುರಿನ ಅಂಗಳದಲ್ಲಿ ಕನಿಷ್ಠ ಆರು ಮಂದಿ ಇದ್ದಾಗ ಮಾತ್ರ ಸಿಗುವ ಅಂಕ.

ಲೆಕ್ಕ ಹಾಕಿ. ಪಂದ್ಯ 40 ನಿಮಿಷ, ಒಂದು ರೈಡ್‌ಗೆ 30 ಸೆಕೆಂಡ್. ಎಲ್ಲ ರೈಡೂ ಪೂರ್ತಿ ಹೊತ್ತು ನಡೆದರೆ ಒಟ್ಟು 80, ಒಂದು ತಂಡದ ಪಾಲಿಗೆ 40. ದೊಡ್ಡ ರೈಡರ್ ಔಟಾಗಿ ಐದು ನಿಮಿಷ ಹೊರಗೆ ಕೂತರೆ ಅವನ ತಂಡ ಸುಮಾರು ಐದು ರೈಡ್‌ಗಳನ್ನು ಅವನಿಲ್ಲದೆ ನಡೆಸಬೇಕು. ಇದು ಗೊತ್ತಿರುವ ಎದುರಾಳಿ ಆಗ ಏನು ಮಾಡುತ್ತದೆ? ಅವಸರ ಮಾಡುವುದಿಲ್ಲ. ಅದರ ರೈಡರ್ ಬರುತ್ತಾನೆ, ಬಾಕ್ ಲೈನ್ ದಾಟುತ್ತಾನೆ, ಯಾರ ಕೈಗೂ ಸಿಗದಂತೆ ಸುಳಿದಾಡಿ ಖಾಲಿ ವಾಪಸಾಗುತ್ತಾನೆ. ಎರಡು ರೈಡ್ ಹಾಗೆ ಖಾಲಿ ಹೋದರೆ ಮೂರನೆಯದು ಡು-ಆರ್-ಡೈ, ಅಂಕ ತರಲೇಬೇಕು, ಇಲ್ಲದಿದ್ದರೆ ರೈಡರ್ ಔಟ್. ಆ ಮೂರನೆಯ ರೈಡ್ ಮುಗಿಯುವ ಹೊತ್ತಿಗೆ ಗಡಿಯಾರದಲ್ಲಿ ಎರಡೂವರೆ ನಿಮಿಷ ಕಳೆದಿರುತ್ತದೆ, ಈಚೆ ಪವನ್‌ನಂಥವನು ಬೆಂಚಿನ ಮೇಲೆ ಟವೆಲ್ ಹಿಡಿದು ಕೂತೇ ಇರುತ್ತಾನೆ.

ಅವನನ್ನು ಒಳಗೆ ತರುವ ದಾರಿ ಎರಡೇ. ಒಂದು, ಎರಡನೆಯ ಅಥವಾ ಮೂರನೆಯ ರೈಡರ್ ಹೋಗಿ ಒಬ್ಬನನ್ನಾದರೂ ಮುಟ್ಟಿ ಬರುವುದು. ಇನ್ನೊಂದು, ಕಾರ್ನರ್, ಕವರ್ ಆಟಗಾರರು ಬಂದ ರೈಡರ್‌ನನ್ನು ಹಿಡಿದು ಹಾಕುವುದು. ತಂಡದಲ್ಲಿ ಮೂವರೋ ಅದಕ್ಕಿಂತ ಕಡಿಮೆಯೋ ಉಳಿದಿರುವಾಗ ಹಿಡಿದರೆ ಅದು ಸೂಪರ್ ಟ್ಯಾಕಲ್, ಎರಡು ಅಂಕ. ಹಿಡಿಯಲಾಗದೆ ಎಲ್ಲರೂ ಔಟಾದರೆ ಎದುರಾಳಿಗೆ ಹೆಚ್ಚುವರಿ ಎರಡು ಅಂಕ ಕೊಟ್ಟು ಏಳೂ ಮಂದಿ ಮತ್ತೆ ಇಳಿಯಬೇಕು. ನಮ್ಮ ಹಳಬರು ಇದನ್ನು ಈಗಲೂ ಲೋನಾ ಎನ್ನುತ್ತಾರೆ, ಟಿ.ವಿ.ಯವರು ಆಲೌಟ್ ಎನ್ನುತ್ತಾರೆ. ಆಲೌಟ್ ಆದರೆ ದೊಡ್ಡ ರೈಡರ್ ವಾಪಸ್ ಬಂದೇ ಬರುತ್ತಾನೆ, ಆದರೆ ಅಷ್ಟರಲ್ಲಿ ಏಳೆಂಟು ಅಂಕ ಕೈಬಿಟ್ಟಿರುತ್ತವೆ.

ಹೀಗಾಗಿ ರೈಡರ್ ಎಷ್ಟು ಅಂಕ ತಂದ ಎಂಬ ಲೆಕ್ಕದ ಜೊತೆಗೆ, ಅವನು ಹೊರಗಿದ್ದ ನಿಮಿಷಗಳಲ್ಲಿ ತಂಡ ಎಷ್ಟು ಕಳೆದುಕೊಂಡಿತು ಎಂಬ ಲೆಕ್ಕವನ್ನೂ ಇಡಬೇಕು. ಟಿ.ವಿ. ಪರದೆಯ ಮೇಲೆ ಮೊದಲನೆಯದು ದೊಡ್ಡದಾಗಿ ಬರುತ್ತದೆ, ಎರಡನೆಯದು ಬರುವುದೇ ಇಲ್ಲ.

ಈಗ ಬುಲ್ಸ್ ಇತಿಹಾಸಕ್ಕೆ ಬರೋಣ. ಹುಡುಗನ ವಾದಕ್ಕೆ ಗಟ್ಟಿ ಸಾಕ್ಷಿ ಇದೆ. 2019ರ ಜನವರಿ 5ರಂದು ಮುಂಬೈಯಲ್ಲಿ ನಡೆದ ಆರನೇ ಸೀಸನ್ನಿನ ಫೈನಲ್‌ನಲ್ಲಿ ಗುಜರಾತ್ ಎದುರು ಅರ್ಧ ಆಟ ಮುಗಿದಾಗ ಬುಲ್ಸ್ ಹಿಂದಿತ್ತು. ಕೊನೆಗೆ 38-33ರಿಂದ ಗೆದ್ದಿತು. ಅದರಲ್ಲಿ 22 ಅಂಕ ಪವನ್ ಸೆಹ್ರಾವತ್ ಒಬ್ಬರದೇ. ಬುಲ್ಸ್ ಈವರೆಗೆ ಎತ್ತಿದ ಒಂದೇ ಕಪ್ ಅದು. ಆ ರಾತ್ರಿ ನೋಡಿದವನಿಗೆ ಒಬ್ಬ ರೈಡರ್ ಸಾಕು ಅನ್ನಿಸಿದರೆ ತಪ್ಪೇನಿಲ್ಲ. ಆದರೆ ಆ ತಂಡವನ್ನು ಮತ್ತೊಮ್ಮೆ ನೋಡಿ. ಪವನ್ ಔಟಾದರೆ ರೈಡ್‌ಗೆ ನಾಯಕ ರೋಹಿತ್ ಕುಮಾರ್ ಇದ್ದರು, ಅವರ ಹಿಂದೆ ಕಾಶಿಲಿಂಗ್ ಅಡಕೆ ಇದ್ದರು. ಹಿಡಿಯಲು ಮಹೇಂದರ್ ಸಿಂಗ್ ಇದ್ದರು. ಪವನ್ ಹೊರಗೆ ಕೂತರೆ ಒಳಗೆ ಕರೆಯುವವರು ಇದ್ದ ತಂಡ ಅದು.

ಮುಂದಿನ ಸೀಸನ್‌ನಲ್ಲಿ ಪವನ್ ಇನ್ನೂ ಮೇಲೆ ಹೋದರು. 2019ರ ಅಕ್ಟೋಬರ್ 2ರಂದು ಹರಿಯಾಣ ಸ್ಟೀಲರ್ಸ್ ವಿರುದ್ಧ ಒಂದೇ ಪಂದ್ಯದಲ್ಲಿ 39 ರೈಡ್ ಅಂಕ ತಂದರು, ಲೀಗಿನ ದಾಖಲೆ. ಆ ಸೀಸನ್ನಿನಲ್ಲಿ ಅವರ ರೈಡ್ ಅಂಕ 346. ತಂಡ? ಸೆಮಿಫೈನಲ್‌ನಲ್ಲಿ ದಬಂಗ್ ಡೆಲ್ಲಿಗೆ ಸೋತಿತು. ಎಂಟನೇ ಸೀಸನ್ನಿನಲ್ಲೂ 300ಕ್ಕೂ ಹೆಚ್ಚು ರೈಡ್ ಅಂಕ, ಮತ್ತೆ ಸೆಮಿಫೈನಲ್, ಮತ್ತೆ ಡೆಲ್ಲಿಯ ಎದುರೇ ಸೋಲು. ರೈಡರ್ ಬೆಳೆದಷ್ಟೂ ತಂಡ ಅವನ ಮೇಲೇ ವಾಲುತ್ತ ಹೋಯಿತು. ಕಪ್ ಗೆದ್ದ ಸೀಸನ್ನಿಗಿಂತ ಹೆಚ್ಚು ಅಂಕ ಬಂದವು, ಕಪ್ ಬರಲಿಲ್ಲ.

ಆಮೇಲೆ ಪವನ್ ಬೇರೆ ತಂಡಗಳಿಗೆ ಹೋದರು. ಅಲ್ಲಿ ನಡೆದದ್ದು ಕಾಕಾನ ವಾದಕ್ಕೆ ಬೇಕೆಂದೇ ಏರ್ಪಡಿಸಿದ ಪರೀಕ್ಷೆಯಂತಿದೆ. 2022ರ ಹರಾಜಿನಲ್ಲಿ ತಮಿಳ್ ತಲೈವಾಸ್ ಅವರಿಗೆ 2.26 ಕೋಟಿ ರೂಪಾಯಿ ಕೊಟ್ಟಿತು. ಮೊದಲ ಪಂದ್ಯದಲ್ಲೇ ಮೊಣಕಾಲಿಗೆ ಪೆಟ್ಟು ಬಿದ್ದು ಇಡೀ ಸೀಸನ್ ಆಡಲಾಗಲಿಲ್ಲ. ದಾರಿ ಇಲ್ಲದೆ ನರೇಂದರ್‌ನಂಥ ಹೊಸ ಹುಡುಗರನ್ನು ನೆಚ್ಚಿಕೊಂಡ ಆ ತಂಡ, ಅಲ್ಲಿಯವರೆಗೆ ಪ್ಲೇ-ಆಫ್ ಮುಖವನ್ನೇ ನೋಡದಿದ್ದ ತಂಡ, ಸೆಮಿಫೈನಲ್‌ವರೆಗೆ ಹೋಯಿತು. ಮರುವರ್ಷ ತೆಲುಗು ಟೈಟನ್ಸ್ 2.605 ಕೋಟಿ ಕೊಟ್ಟು ಪವನ್‌ರನ್ನು ಕೊಂಡಿತು. ಒಂದು ತಂಡಕ್ಕೆ ಒಟ್ಟು 5 ಕೋಟಿಯ ಮಿತಿ ಇದ್ದಾಗ ಅರ್ಧಕ್ಕಿಂತ ಹೆಚ್ಚು ಒಬ್ಬರಿಗೇ ಹೋಯಿತು. ಪವನ್ ಚೆನ್ನಾಗಿಯೇ ಆಡಿದರು. ಟೈಟನ್ಸ್ 22 ಪಂದ್ಯಗಳಲ್ಲಿ ಎರಡನ್ನು ಗೆದ್ದು ಕೊನೆಯ ಸ್ಥಾನದಲ್ಲಿ ನಿಂತಿತು.

ಅದೇ ಹತ್ತನೇ ಸೀಸನ್ನಿನಲ್ಲಿ, 2024ರ ಮಾರ್ಚ್ 1ರಂದು, ಹೈದರಾಬಾದ್‌ನಲ್ಲಿ ಕಪ್ ಗೆದ್ದದ್ದು ಪುಣೇರಿ ಪಲ್ಟನ್. ಫೈನಲ್ ಅಂಕ 28-25. ಇಷ್ಟು ಕಡಿಮೆ ಅಂಕದ ಫೈನಲ್ ಎಂದರೆ ಎರಡೂ ಕಡೆ ಹಿಡಿತ ಗಟ್ಟಿಯಾಗಿತ್ತು ಎಂದರ್ಥ. ಆ ಪಲ್ಟನ್‌ನಲ್ಲಿ ಅಸ್ಲಂ ಇನಾಮದಾರ್, ಮೋಹಿತ್ ಗೋಯತ್, ಪಂಕಜ್ ಮೋಹಿತೆ ರೈಡ್ ಹಂಚಿಕೊಳ್ಳುತ್ತಿದ್ದರು. ದೊಡ್ಡ ದುಡ್ಡು ಹೋದದ್ದು ರೈಡರ್‌ಗಲ್ಲ, ಇರಾನಿನ ಮೊಹಮ್ಮದ್‌ರೆಜಾ ಶಾದ್ಲೂಯಿಗೆ. ಎದುರಾಳಿಯನ್ನು ಹಿಡಿದು ಕೆಡವುವುದರಲ್ಲಿ ಅವರಿಗೆ ಸಾಟಿ ಇರಲಿಲ್ಲ. ತರಬೇತುದಾರ ನಮ್ಮ ಕರ್ನಾಟಕದ ಬಿ.ಸಿ. ರಮೇಶ್. ಅದಕ್ಕೂ ಮೊದಲು 2019ರಲ್ಲಿ ಬೆಂಗಾಲ್ ವಾರಿಯರ್ಸ್‌ಗೆ ಕಪ್ ತಂದುಕೊಟ್ಟವರೂ ಅವರೇ.

ಬುಲ್ಸ್ ಈ ಪಾಠ ಓದದೆ ಹನ್ನೊಂದನೇ ಸೀಸನ್ನಿಗೆ ಹಳೆಯ ದಾರಿಯನ್ನೇ ಹಿಡಿಯಿತು. 2015ರಲ್ಲಿ ತಾನೇ ಮೊದಲು ಅಂಗಳಕ್ಕಿಳಿಸಿದ್ದ, ಆಮೇಲೆ ಪಟ್ನಾ ಪೈರೇಟ್ಸ್‌ಗೆ ಸತತ ಮೂರು ಕಪ್ ಗೆಲ್ಲಿಸಿ ದಂತಕಥೆಯಾದ ಪರ್ದೀಪ್ ನರ್ವಾಲ್‌ರನ್ನು 2024ರ ಹರಾಜಿನಲ್ಲಿ 70 ಲಕ್ಷಕ್ಕೆ ವಾಪಸ್ ತಂದಿತು. ಅಭಿಮಾನಿಗಳು ಕುಣಿದಾಡಿದರು. ಡುಬ್ಕಿ ಹೊಡೆದು ಮೂರು ಮಂದಿಯ ಕೆಳಗಿಂದ ಜಾರಿ ಬರುತ್ತಿದ್ದ ಆ ಪರ್ದೀಪ್ ಮತ್ತೆ ಕಾಣುತ್ತಾರೆ ಎಂದುಕೊಂಡಿದ್ದರು. ತಂಡ 22ರಲ್ಲಿ ಎರಡು ಪಂದ್ಯ ಗೆದ್ದು ಹನ್ನೆರಡನೆಯದಾಯಿತು. ಮರುವರ್ಷದ ಹರಾಜಿನಲ್ಲಿ ಯಾರೂ ಕೊಳ್ಳದೆ ಪರ್ದೀಪ್ ನಿವೃತ್ತಿ ಹೇಳಿದರು. ಅಂಥ ಆಟಗಾರನಿಗೆ ಅದು ಆಗಬಾರದಿತ್ತು. ಆದರೆ ಆ ವರ್ಷದ ಸೋಲಿನ ಹೊರೆಯನ್ನು ಅವರೊಬ್ಬರ ಮೇಲೆ ಹಾಕುವುದು ಅನ್ಯಾಯ. ಅವರು ಔಟಾದಾಗ ಒಳಗೆ ಕರೆಯುವ ಕೈಗಳು ಆ ತಂಡದಲ್ಲಿ ಇರಲಿಲ್ಲ.

ಟ್ರಾಲಿಯ ಮೇಲಿನ ವಾದ ಇಷ್ಟಕ್ಕೇ ನಿಲ್ಲುವುದಿಲ್ಲ. ಹೆಚ್ಚು ಜಗಳ ತರುವುದು ಲಾಬಿ. ಅಂಗಳದ ಎರಡೂ ಪಕ್ಕದ ಒಂದೊಂದು ಮೀಟರ್ ಪಟ್ಟಿ ಅದು. ರೈಡರ್‌ಗೂ ಎದುರಾಳಿಗೂ ಮುಟ್ಟುವಿಕೆ ಆಗುವವರೆಗೆ ಅದು ಅಂಗಳಕ್ಕೆ ಸೇರಿಲ್ಲ, ಆದಮೇಲೆ ಸೇರುತ್ತದೆ. ಮುಟ್ಟದೆ ಅಲ್ಲಿ ಕಾಲಿಟ್ಟ ರೈಡರ್ ಔಟ್. ಮಣ್ಣಿನ ಅಂಗಳದಲ್ಲಿ ನಾಲ್ಕು ರೈಡ್ ಆಗುವಷ್ಟರಲ್ಲಿ ಸುಣ್ಣದ ಗೆರೆ ಕಾಲಿಗೆ ಹತ್ತಿ ಅಳಿಸಿಹೋಗಿರುತ್ತದೆ, ಕೈ ತಾಗಿತೋ ಇಲ್ಲವೋ ಎಂಬುದಕ್ಕೆ ಅಂಪೈರ್ ಕಣ್ಣೊಂದೇ ಆಧಾರ. ಹಳ್ಳಿಯ ಪಂದ್ಯಾವಳಿಗಳು ಅರ್ಧಕ್ಕೆ ನಿಲ್ಲುವುದು ಬಹುಪಾಲು ಇಲ್ಲೇ.

ಹಳ್ಳಿಯ ಅಂಪೈರ್‌ಗಳನ್ನು ಬೈಯುವ ಮೊದಲು ಹಾಂಗ್‌ಝೌ ಏಷ್ಯನ್ ಗೇಮ್ಸ್ ನೆನಪಿಸಿಕೊಳ್ಳಬೇಕು. 2018ರ ಏಷ್ಯನ್ ಗೇಮ್ಸ್‌ನಲ್ಲಿ ಭಾರತದ ಪುರುಷರು ಸೆಮಿಫೈನಲ್‌ನಲ್ಲೇ ಇರಾನ್‌ಗೆ ಸೋತು, 1990ರಿಂದ ಕೈಯಲ್ಲಿದ್ದ ಚಿನ್ನ ಬಿಟ್ಟುಕೊಟ್ಟಿದ್ದರು. 2023ರ ಅಕ್ಟೋಬರ್ 7ರಂದು ಹಾಂಗ್‌ಝೌ ಫೈನಲ್‌ನಲ್ಲಿ ಮತ್ತೆ ಇರಾನ್, ಅಂಕ 28-28, ಉಳಿದದ್ದು ಎರಡು ನಿಮಿಷಕ್ಕೂ ಕಡಿಮೆ. ನಾಯಕ ಪವನ್ ಡು-ಆರ್-ಡೈ ರೈಡ್‌ಗೆ ಹೋದರು. ಯಾರನ್ನೂ ಮುಟ್ಟದೆ ಲಾಬಿಗೆ ಕಾಲಿಟ್ಟರು, ಅವರ ಬೆನ್ನಿಗೆ ಇರಾನಿನ ಡಿಫೆಂಡರ್‌ಗಳೂ ಲಾಬಿಗೆ ನುಗ್ಗಿದರು. ಹಳೆಯ ನಿಯಮದಂತೆ ನುಗ್ಗಿದವರೂ ಔಟ್. ಹೊಸ ನಿಯಮದಂತೆ ರೈಡರ್ ಮಾತ್ರ ಔಟ್. ಯಾವ ನಿಯಮ ಎಂದು ತೀರ್ಮಾನವಾಗದೆ ಆಟಗಾರರು ಅಂಗಳದಲ್ಲೇ ಕೂತರು, ಆಟ ಒಂದು ತಾಸಿನಷ್ಟು ನಿಂತಿತು. ಕೊನೆಗೆ ಭಾರತಕ್ಕೆ ಮೂರು, ಇರಾನ್‌ಗೆ ಒಂದು ಅಂಕ ಸಿಕ್ಕಿತು. ಭಾರತ 33-29ರಿಂದ ಚಿನ್ನ ಗೆದ್ದಿತು. ಪಂದ್ಯಾವಳಿ ನಡೆಸುವ ಊರಿನ ಹಿರಿಯರಿಗೆ ಒಂದು ಮಾತು: ಯಾವ ನಿಯಮದಂತೆ ಆಡಿಸುತ್ತೀರಿ ಎಂಬುದನ್ನು ಟಾಸ್‌ಗೆ ಮೊದಲೇ ಮೈಕಿನಲ್ಲಿ ಹೇಳಿಬಿಡಿ.

ಮಣ್ಣು ಮತ್ತು ಮ್ಯಾಟ್ ನಡುವಿನ ಅಂತರವೂ ವಾದದಲ್ಲಿ ಬರಬೇಕು. ಪುರುಷರ ಮ್ಯಾಟ್ 13 ಮೀಟರ್ ಉದ್ದ, 10 ಮೀಟರ್ ಅಗಲ. ಶೂ ಹಾಕಿದ ಕಾಲು ಅದರ ಮೇಲೆ ಕಚ್ಚಿ ನಿಲ್ಲುತ್ತದೆ, ಹಾಗಾಗಿ ಜಿಗಿತ, ಥಟ್ಟನೆ ತಿರುಗುವುದು ಎರಡಕ್ಕೂ ಬಲ ಸಿಗುತ್ತದೆ. ನಮ್ಮ ಮಣ್ಣಿನಲ್ಲಿ ಬರಿಗಾಲು ಜಾರುತ್ತದೆ. ಮಂಡಿ ಕಿತ್ತುಹೋಗುವ ಭಯಕ್ಕೆ ಹುಡುಗರು ಬಗ್ಗಿ ಪಾದ ಹಿಡಿಯುವುದಕ್ಕಿಂತ ನಿಂತೇ ಎದೆಗೊಟ್ಟು ತಡೆಯುವುದನ್ನು ಮೊದಲು ಕಲಿಯುತ್ತಾರೆ. ಮ್ಯಾಟ್ ಮೇಲೆ ಕಾರ್ನರ್ ಆಟಗಾರನ ಮುಖ್ಯ ಆಯುಧವೇ ಆ್ಯಂಕಲ್ ಹೋಲ್ಡ್. ರೈಡರ್ ಬೋನಸ್‌ಗೆ ಕಾಲು ಚಾಚಿದ ಕ್ಷಣಕ್ಕೆ ಕಾದು, ನೆಲದ ಕಾಲಿನ ಹಿಮ್ಮಡಿಯ ಮೇಲಕ್ಕೆ ಎರಡೂ ಕೈ ಹಾಕಿ ತನ್ನ ಎದೆಗೆ ಎಳೆದುಕೊಳ್ಳಬೇಕು. ಒಂದು ಕ್ಷಣ ತಡವಾದರೆ ಕೈಗೆ ಗಾಳಿ. ಅವನು ಹಿಡಿದ ಅದೇ ಉಸಿರಿಗೆ ಪಕ್ಕದ ಕವರ್ ಆಟಗಾರ ರೈಡರ್‌ನ ತೊಡೆಗೆ ಬೀಳದಿದ್ದರೆ ಹಿಡಿತ ಬಿಟ್ಟುಹೋಗುತ್ತದೆ. ಈ ಇಬ್ಬರ ಹೊಂದಾಣಿಕೆ ಕೂಡುವುದಕ್ಕೆ ವರ್ಷಗಳು ಬೇಕು. ಹರಾಜಿನಲ್ಲಿ ಒಬ್ಬೊಬ್ಬರನ್ನೇ ಕೊಂಡರೆ ಅದು ಬರುವುದಿಲ್ಲ. ಕುಷ್ಟಗಿಯಲ್ಲೋ ಯಲಬುರ್ಗಾದಲ್ಲೋ ಮಣ್ಣಿನಲ್ಲಿ ಆಡಿ ಬೆಳೆದ ಹುಡುಗನಿಗೆ ಮೇಲಿನ ಹಂತಕ್ಕೆ ಹೋಗುವ ಆಸೆ ಇದ್ದರೆ, ಹದಿನೈದು ಹದಿನಾರರ ಹೊತ್ತಿಗಾದರೂ ಮ್ಯಾಟ್ ಸಿಗಬೇಕು. ಇದು ಜಿಲ್ಲೆಯ ಕ್ರೀಡೆಯ ಬಗ್ಗೆ ಮಾತಾಡುವವರೆಲ್ಲ ಗಟ್ಟಿಯಾಗಿ ಕೇಳಬೇಕಾದ ವಿಷಯ.

ಹಾಗಾದರೆ ಬುಲ್ಸ್ ಮುಂದೇನು? 2025ರ ಹನ್ನೆರಡನೇ ಸೀಸನ್ನಿಗೆ ಬಿ.ಸಿ. ರಮೇಶ್ ಬುಲ್ಸ್ ತರಬೇತುದಾರರಾಗಿ ಬಂದರು. ಕೋಟಿ ಬೆಲೆಯ ರೈಡರ್ ಹಿಂದೆ ಓಡಲಿಲ್ಲ. ಇರಾನಿನ ಅಲಿರೆಜಾ ಮಿರ್ಜಾಯನ್ ಆಲ್‌ರೌಂಡರ್, ರೈಡ್‌ಗೂ ಹೋಗುತ್ತಾರೆ, ಹಿಡಿಯಲೂ ನಿಲ್ಲುತ್ತಾರೆ. ನಾಯಕತ್ವ ಡಿಫೆಂಡರ್ ಯೋಗೇಶ್ ಕೈಗೆ ಬಂತು, ಜೊತೆಗೆ ದೀಪಕ್ ಶಂಕರ್ ಇದ್ದರು. ಶುರುವಿನಲ್ಲಿ ಸೋತರು, ಹಳೇ ಕಥೆಯೇ ಎಂದು ಹುಡುಗರು ಕೈಚೆಲ್ಲಿದರು. ಆದರೆ ಹಿಂದಿನ ವರ್ಷ ಎರಡೇ ಪಂದ್ಯ ಗೆದ್ದಿದ್ದ ತಂಡ ಪ್ಲೇ-ಆಫ್ ತಲುಪಿತು. ಕಪ್ ದಬಂಗ್ ಡೆಲ್ಲಿಗೆ ಹೋಯಿತು.

ಆ ಸೀಸನ್ ನೋಡಿದ ಮೇಲೆ ನಾನು ಕಾಕಾನ ಪಕ್ಷದವನು. ಆದರೂ ಹುಡುಗನ ಮಾತಿನಲ್ಲಿ ಒಂದು ತೂಕವಿದೆ: ನಾಕೌಟ್ ಪಂದ್ಯದ ಕೊನೆಯ ಎರಡು ನಿಮಿಷದಲ್ಲಿ ಮೂರು ಅಂಕ ಹಿಂದಿದ್ದಾಗ, ಆರೇಳು ಮಂದಿಯ ನಡುವೆ ನುಗ್ಗಿ ಇಬ್ಬರನ್ನು ಮುಟ್ಟಿ ಬರುವವನು ಬೇಕೇ ಬೇಕು. ಅಂಥವನನ್ನು ತರುವುದಾದರೆ ಕಾರ್ನರ್ ಜೋಡಿಯನ್ನು ಮಾರಿ ತರಬಾರದು. ಉಳಿದ ದುಡ್ಡಿನಲ್ಲಿ ಅಲಿರೆಜಾ ಔಟಾದ ಮರುಕ್ಷಣ ಹೆದರದೆ ಹೋಗುವ ಎರಡನೇ ರೈಡರ್‌ನನ್ನು ಹುಡುಕಬೇಕು, ಎಡಗಡೆಯಿಂದ ಹೋಗುವವನಾದರೆ ಇನ್ನೂ ಒಳ್ಳೆಯದು. ಮುಂದಿನ ಹರಾಜಿನ ದಿನ ಮೊದಲ ಬೆಲೆ ಕೂಗುವ ಹೊತ್ತಿಗೆ ತಂಡ ಯಾರನ್ನು ಉಳಿಸಿಕೊಂಡಿದೆ ಎಂಬ ಪಟ್ಟಿ ನೋಡಿ. ಅದರಲ್ಲಿ ಡಿಫೆಂಡರ್‌ಗಳ ಹೆಸರು ಎಷ್ಟಿವೆ ಎಂದು ಎಣಿಸಿ, ಆಮೇಲೆ ವಾದಕ್ಕೆ ಕೂರಿ.