ಮಾತು ತಡವಾದ ಮಗು ಮತ್ತು ಮನೆಯವರ ಹೊಣೆ

ಮಗುವಿಗೆ ಮಾತು ಬರುವುದು ತಡವಾದಾಗ ನಮ್ಮ ಮನೆಗಳಲ್ಲಿ ಮೊದಲು ಕೇಳಿಬರುವುದು, ‘ಇವನ ಅಪ್ಪನೂ ತಡವಾಗಿಯೇ ಮಾತು ಕಲಿತ’ ಎಂಬ ಸಮಾಧಾನ. ವರ್ಷ ಕಳೆದರೆ ಅದೇ ಬಾಯಿಗಳಲ್ಲಿ ದೂರು ಹುಟ್ಟುತ್ತದೆ: ತಾಯಿ ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದಳು, ಬಸುರಿಯಲ್ಲಿ ಪಥ್ಯ ಹಿಡಿಯಲಿಲ್ಲ, ಯಾರದೋ ದೃಷ್ಟಿ ತಾಗಿತು. ಈ ಸಮಾಧಾನಕ್ಕೂ ದೂರಿಗೂ ನಡುವೆ ಮಗುವಿನ ಅಮೂಲ್ಯ ಕಾಲ ಕಳೆದುಹೋಗುತ್ತದೆ.

ಒಂದು ವರ್ಷವಾದರೂ ಹೆಸರು ಕರೆದರೆ ತಿರುಗದಿರುವುದು, ಒಂದೂವರೆ ವರ್ಷವಾದರೂ ಬೇಕಾದುದನ್ನು ಬೆರಳಿನಿಂದ ತೋರಿಸದಿರುವುದು, ಎರಡು ವರ್ಷವಾದರೂ ಎರಡು ಪದ ಕೂಡಿಸಿ ಆಡದಿರುವುದು ಪರೀಕ್ಷೆ ಬೇಕೆಂಬುದರ ಸೂಚನೆಗಳು. ಮೊದಲು ಶ್ರವಣ ಪರೀಕ್ಷೆಯಾಗಬೇಕು. ಕಿವಿ ಸರಿಯಿದ್ದರೆ ಸ್ವಲೀನತೆ, ಅಂದರೆ ಆಟಿಸಂ ಇದೆಯೇ ಎಂದು ತಜ್ಞರು ನೋಡುತ್ತಾರೆ. ಇದು ಮೆದುಳಿನ ಬೆಳವಣಿಗೆಯಲ್ಲಿನ ಭಿನ್ನತೆ. ಇದರಲ್ಲಿ ಅನುವಂಶೀಯತೆಯ ಪಾತ್ರ ದೊಡ್ಡದು. 1943ರಲ್ಲಿ ಲಿಯೋ ಕ್ಯಾನರ್ ಇದನ್ನು ವಿವರಿಸಿದ ಬಳಿಕ ಕೆಲವು ದಶಕಗಳ ಕಾಲ ಪಾಶ್ಚಾತ್ಯ ವೈದ್ಯರೇ ತಾಯಿಯ ಮಮತೆಯ ಕೊರತೆಯನ್ನು ಕಾರಣವೆಂದರು. ಆ ವಾದ ಸುಳ್ಳೆಂದು ತಿಳಿದು ಬಹುಕಾಲವಾಯಿತು. ಲಸಿಕೆಗೂ ಇದಕ್ಕೂ ನಂಟಿರಬಹುದೆಂದು ಸೂಚಿಸಿ 1998ರಲ್ಲಿ ಪ್ರಕಟವಾದ ಲೇಖನವನ್ನು ಅದೇ ಪತ್ರಿಕೆ 2010ರಲ್ಲಿ ಹಿಂತೆಗೆದುಕೊಂಡಿತು. ತಾಯಿಯನ್ನು ದೂಷಿಸುವುದಕ್ಕೆ ಯಾವ ಶಾಸ್ತ್ರದ ಆಧಾರವೂ ಇಲ್ಲ.

ಆಯುರ್ವೇದ ವೈದ್ಯರಾಗಿ ನಾವು ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಇಂತಹ ಮಕ್ಕಳಲ್ಲಿ ಸಾಮಾನ್ಯವಾದ ಮಲಬದ್ಧತೆ, ನಿದ್ರಾಹೀನತೆಗಳಿಗೆ ಆಹಾರಕ್ರಮ, ದಿನಚರಿಗಳಿಂದ ನೆರವಾಗಬಹುದು. ಆಟಿಸಂ ಅನ್ನೇ ವಾಸಿ ಮಾಡುವ ಔಷಧಿ ಯಾವ ಪದ್ಧತಿಯಲ್ಲಿಯೂ ಇಲ್ಲ. ಹಾಗೆಂದು ಹೇಳಿ ಕೊಡುವ ಭಸ್ಮ, ಪುಡಿಗಳಲ್ಲಿ ಸೀಸ, ಪಾದರಸಗಳಿದ್ದರೆ ಎಳೆಯ ಮೆದುಳಿಗೇ ಹಾನಿಯಾಗುತ್ತದೆ. ಹರಕೆ ಹೊರುವುದು ಮನಸ್ಸಿಗೆ ಧೈರ್ಯ ಕೊಟ್ಟರೆ ಹೊರಲಿ; ಅದಕ್ಕಾಗಿ ಪರೀಕ್ಷೆಯನ್ನು ಮುಂದೂಡಬಾರದು.

ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್‌ಗಳಲ್ಲಿ ತಪಾಸಣೆಯೂ ತರಬೇತಿಯೂ ದೊರೆಯುತ್ತವೆ. ಹತ್ತಿರದ ದಾರಿಗಾಗಿ ಜಿಲ್ಲಾ ಆಸ್ಪತ್ರೆಯ ಮಕ್ಕಳ ವೈದ್ಯರನ್ನು ಕೇಳಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ. ಆದುದರಿಂದ ಪ್ರಮಾಣಪತ್ರ ಪಡೆಯಲು ಸಂಕೋಚ ಬೇಡ.

ತರಬೇತಿಯ ಬಹುಪಾಲು ನಡೆಯುವುದು ಮನೆಯಲ್ಲಿಯೇ. ಮಗುವಿನೊಡನೆ ಇಂಗ್ಲಿಷಿನಲ್ಲಷ್ಟೇ ಮಾತನಾಡಿರೆಂಬ ಸಲಹೆಗೆ ಆಧಾರವಿಲ್ಲ. ಅಜ್ಜಿ ಆಡುವ ಕನ್ನಡದಲ್ಲಿಯೇ, ಚಿಕ್ಕ ವಾಕ್ಯಗಳಲ್ಲಿ, ಕೈಸನ್ನೆಯೊಡನೆ ಆಡಿಸಬೇಕು. ಊಟ, ಸ್ನಾನ, ನಿದ್ರೆಗಳಿಗೆ ನಿಗದಿತ ಹೊತ್ತಿರಲಿ. ಇವೆಲ್ಲವೂ ಒಬ್ಬಳ ಹೆಗಲ ಮೇಲೆ ಬೀಳಬಾರದು. ಅತ್ತೆ, ಮಾವ, ಗಂಡ ಸರದಿಯಂತೆ ಮಗುವನ್ನು ನೋಡಿಕೊಂಡರೆ ತಾಯಿಗೆ ದಿನಕ್ಕೊಂದು ಗಂಟೆಯಾದರೂ ಬಿಡುವು ಸಿಗುತ್ತದೆ. ಮನಸ್ಸು ಕುಗ್ಗಿದರೆ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಉಚಿತವಾಗಿ ಮಾತನಾಡಬಹುದು.

ಜಾತ್ರೆಯಲ್ಲಿಯೋ ಪ್ರಸಾದದ ಪಂಕ್ತಿಯಲ್ಲಿಯೋ ಮಗುವೊಂದು ಕಿವಿ ಮುಚ್ಚಿಕೊಂಡು ಕಿರುಚಿದರೆ ಅದು ಹಟವಲ್ಲ. ಧ್ವನಿವರ್ಧಕದ ಸದ್ದು ಅದಕ್ಕೆ ಸಹಿಸಲಾಗದಷ್ಟು ಹೆಚ್ಚಾಗಿ ಕೇಳುತ್ತಿರಬಹುದು. ‘ಮಗುವಿಗೆ ಶಿಸ್ತು ಕಲಿಸಿಲ್ಲವೇ?’ ಎಂದು ಕೇಳದೆ, ದಾರಿ ಬಿಟ್ಟು, ಸದ್ದಿಲ್ಲದ ಜಾಗವೊಂದನ್ನು ತೋರಿಸಿದರೆ ಆ ಕುಟುಂಬ ಮರುವರ್ಷವೂ ಧೈರ್ಯದಿಂದ ಬರುತ್ತದೆ.