ಕಂಪೆನಿ ಇಂಜಿನಿಗೆ ಟರ್ಬೊ: ಎಷ್ಟು ತಡೆದೀತು?

ವಾಗ್ಳೆ ಎಸ್ಟೇಟಿನ ರಸ್ತೆಗಳಿಗೆ ಹೆಸರಿಗಿಂತ ನಂಬರೇ ಪ್ರಸಿದ್ಧ. ಹದಿನಾರನೆಯ ನಂಬರು, ಇಪ್ಪತ್ತೆರಡನೆಯ ನಂಬರು ಎಂದರೆ ಸಾಕು, ರಿಕ್ಷಾದವನು ಮರುಮಾತಿಲ್ಲದೆ ಮೀಟರು ತಿರುಗಿಸುತ್ತಾನೆ. 1962ರಲ್ಲಿ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ ಸ್ಥಾಪನೆಯಾದಾಗ ಅದರ ಮೊದಲ ಕೈಗಾರಿಕಾ ವಸಾಹತು ಎನಿಸಿಕೊಂಡದ್ದು ಇದೇ. ನಮ್ಮವರಲ್ಲಿ ಎಷ್ಟೋ ಮಂದಿ ಹಿರಿಯರು ಇಲ್ಲಿಯ ಲೇತು ಯಂತ್ರಗಳ ಮುಂದೆ ನಿಂತು, ಮಕ್ಕಳನ್ನು ಓದಿಸಿ, ಊರಿನಲ್ಲಿ ಒಂದು ಹೆಂಚಿನ ಮನೆ ಕಟ್ಟಿಸಿ, ನಿವೃತ್ತರಾದವರು. ಈಗ ಹಲವು ಶೆಡ್ಡುಗಳಿದ್ದ ಜಾಗದಲ್ಲಿ ಗಾಜಿನ ಕಟ್ಟಡಗಳೆದ್ದಿವೆ. ಆದರೂ ಕಬ್ಬಿಣ ಕೊರೆಯುವ ಸದ್ದು ಪೂರ್ತಿ ಅಡಗಿಲ್ಲ. ಮೋಟಾರು ರಿಪೇರಿಯ ಗ್ಯಾರೇಜುಗಳಂತೂ ಇದ್ದೇ ಇವೆ. ಹಿರಿಯರ ಮಕ್ಕಳು, ಮೊಮ್ಮಕ್ಕಳು ಸಂಜೆಯ ಹೊತ್ತು ಅವುಗಳ ಬಾಗಿಲಲ್ಲಿ ನಿಂತು ಮಾತನಾಡುವ ವಿಷಯ ಒಂದೇ: ಟರ್ಬೊ.

ಅವರ ಪ್ರಶ್ನೆ ಇಷ್ಟು. ಕಂಪೆನಿಯಿಂದ ಬಂದ ಸಾಧಾರಣ ಪೆಟ್ರೋಲ್ ಇಂಜಿನಿಗೆ, ಒಳಗಿನ ಯಾವ ಭಾಗವನ್ನೂ ಬದಲಿಸದೆ, ಹೊರಗಿನಿಂದ ಒಂದು ಟರ್ಬೊ ಕೂರಿಸಿದರೆ ಅದು ಎಷ್ಟು ಅಶ್ವಶಕ್ತಿಯನ್ನು ತಡೆದುಕೊಂಡೀತು? ನಾವು ಸರಕಾರಿ ಕಚೇರಿಯಲ್ಲಿ ಕಡತ ನೋಡುವವರು. ಈ ಪ್ರಶ್ನೆ ನಮ್ಮ ಮೇಜಿಗೆ ಬರತಕ್ಕದ್ದಲ್ಲ. ಆದರೆ ನಮ್ಮ ಸಂಘದ ಸದಸ್ಯರೊಬ್ಬರ ಮಗ, ಡಿಪ್ಲೊಮಾ ಮುಗಿಸಿ ಎರಡು ವರ್ಷದಿಂದ ಕೆಲಸದಲ್ಲಿರುವ ಹುಡುಗ, ತನ್ನ ಉಳಿತಾಯವೆಲ್ಲವನ್ನೂ ಇದಕ್ಕೆ ಸುರಿಯಲು ಹೊರಟಿದ್ದ. ಕಾರು ಸೆಕೆಂಡ್ ಹ್ಯಾಂಡ್, 1.2 ಲೀಟರು, 83 ಅಶ್ವಶಕ್ತಿ. ಕಿಟ್ಟಿಗೂ ಕೂಲಿಗೂ ಸೇರಿ ಅವನಿಗೆ ಹೇಳಿದ ದರ ಎರಡು ಲಕ್ಷದ ಮೇಲೆ. ಮೇ ತಿಂಗಳಲ್ಲಿ ಅಜ್ಜಿಯನ್ನು ಕೂರಿಸಿಕೊಂಡು ಗದಗಿಗೆ ಹೋಗಬೇಕಾದ ಕಾರೂ ಅದೇ. "ಅಣ್ಣ, 150 ಆರಾಮಾಗಿ ಬರ್ತದಂತೆ, ನೀವೇ ಅಪ್ಪನಿಗೆ ಒಂದು ಮಾತು ಹೇಳಿ" ಎಂದು ನಮ್ಮಲ್ಲಿಗೆ ಬಂದ. ಹೇಳುವ ಮೊದಲು ತಿಳಿದುಕೊಳ್ಳುವುದು ಒಳ್ಳೆಯದೆಂದು ನಾವು ಓದಲು, ವಿಚಾರಿಸಲು ತೊಡಗಿದೆವು.

ಇಂಜಿನು ಎಂದರೆ ಗಾಳಿಯನ್ನು ಉಸಿರಾಡುವ ಯಂತ್ರ. ಒಂದು ಭಾಗ ಪೆಟ್ರೋಲು ಸರಿಯಾಗಿ ಉರಿಯಬೇಕಾದರೆ ತೂಕದಲ್ಲಿ ಸುಮಾರು ಹದಿನಾಲ್ಕೂವರೆ ಭಾಗ ಗಾಳಿ ಬೇಕು. ಪೆಟ್ರೋಲನ್ನು ಎಷ್ಟು ಬೇಕಾದರೂ ಸುರಿಯಬಹುದು. ಗಾಳಿಯನ್ನು ಒಳಕ್ಕೆ ಸೇರಿಸುವುದೇ ಕಷ್ಟ. ಕಮ್ಮಾರನ ಕುಲುಮೆಯಲ್ಲಿ ತಿದಿ ಒತ್ತಿದೊಡನೆ ಬೆಂಕಿ ಭಗ್ಗೆನ್ನುವುದಿಲ್ಲವೆ? ಟರ್ಬೊ ಅಂಥದೊಂದು ತಿದಿ. ಹೊರಗೆ ಹೋಗುವ ಬಿಸಿ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ಅಚ್ಚಿನ ಮತ್ತೊಂದು ತುದಿಯ ಚಕ್ರ ಹೊಸ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುತ್ತದೆ. ವ್ಯರ್ಥವಾಗಿ ಹೋಗುವ ಹೊಗೆಯಿಂದಲೇ ದುಡಿಸಿಕೊಳ್ಳುವ ಈ ಉಪಾಯಕ್ಕೆ ಸ್ವಿಟ್ಸರ್ಲೆಂಡಿನ ಆಲ್ಫ್ರೆಡ್ ಬ್ಯುಖಿ 1905ರಲ್ಲೇ ಪೇಟೆಂಟು ಪಡೆದಿದ್ದ. ಚಿಕ್ಕ ಕಾರಿನ ಟರ್ಬೊ ಅಚ್ಚು ನಿಮಿಷಕ್ಕೆ ಒಂದೂವರೆ ಎರಡು ಲಕ್ಷ ಸುತ್ತು ಸುತ್ತುತ್ತದೆಂದರೆ ನಂಬಲಿಕ್ಕೇ ಕಷ್ಟ!

ಹೊರಗಿನ ವಾಯುಮಂಡಲದ ಒತ್ತಡ ಹೆಚ್ಚುಕಡಿಮೆ ಒಂದು ಬಾರ್. ಟರ್ಬೊ ಅದರ ಮೇಲೆ ಅರ್ಧ ಬಾರ್ ಒತ್ತಿದರೆ ಒಂದೂವರೆ ಪಾಲು ಗಾಳಿ, ಒಂದೂವರೆ ಪಾಲು ಶಕ್ತಿ. ಕಾಗದದ ಮೇಲೆ ಲೆಕ್ಕ ಇಷ್ಟು ಸುಲಭ. ಹುಡುಗರು ಇಲ್ಲಿಗೇ ನಿಲ್ಲುತ್ತಾರೆ. ಆದರೆ ಸೈಕಲ್ಲಿಗೆ ಗಾಳಿ ಹೊಡೆದವರಿಗೆಲ್ಲ ಗೊತ್ತು, ಒತ್ತಿದ ಗಾಳಿ ಬಿಸಿಯಾಗುತ್ತದೆ. ಠಾಣೆಯ ಬೇಸಗೆಯ 35 ಡಿಗ್ರಿಯ ಗಾಳಿಯನ್ನು ಅರ್ಧ ಬಾರ್ ಒತ್ತಿದರೆ ಅದು 80 ಡಿಗ್ರಿ ದಾಟುವುದು ಸಹಜ. ನಡುವೆ ಇಂಟರ್‌ಕೂಲರ್ ಎಂಬ ತಣಿಸುವ ಜಾಲರಿ ಇಟ್ಟರೆ ಸ್ವಲ್ಪ ಉಪಶಮನ. ಇಲ್ಲದಿದ್ದರೆ ಬಿಸಿ ಗಾಳಿ, ಸಿಲಿಂಡರಿನಲ್ಲಿ ಮತ್ತೆ ಹತ್ತು ಪಟ್ಟು ಅದುಮಲ್ಪಟ್ಟು, ಸ್ಪಾರ್ಕಿನಿಂದ ಹೊತ್ತಿದ ಜ್ವಾಲೆ ತಲಪುವ ಮೊದಲೇ ತಾನಾಗಿ ಸಿಡಿಯುತ್ತದೆ. ಇದಕ್ಕೆ ನಾಕಿಂಗ್ ಎನ್ನುತ್ತಾರೆ. ಕಿವಿಗೆ ಡಬ್ಬಿಯಲ್ಲಿ ಕಲ್ಲು ಅಲ್ಲಾಡಿಸಿದ ಸದ್ದು. ಪಿಸ್ಟನಿಗೆ ಸುತ್ತಿಗೆಯ ಏಟು. ಸ್ಟಾಕ್ ಇಂಜಿನನ್ನು ಕೊಲ್ಲುವುದು ಬಹುಮಟ್ಟಿಗೆ ಅಶ್ವಶಕ್ತಿಯಲ್ಲ, ಈ ಏಟು.

ಈ ಸಂಕಟ ಹೊಸದೇನಲ್ಲ. ನಮ್ಮ ವಾಗ್ಳೆ ಎಸ್ಟೇಟು ತಲೆಯೆತ್ತಿದ 1962ರಲ್ಲೇ ಅಮೆರಿಕದಲ್ಲಿ ಜನರಲ್ ಮೋಟರ್ಸಿನವರು ಎರಡು ಟರ್ಬೊ ಕಾರುಗಳನ್ನು ಮಾರುಕಟ್ಟೆಗೆ ತಂದರು. ಓಲ್ಡ್ಸ್‌ಮೊಬೀಲ್ ಜೆಟ್‌ಫೈರಿನಲ್ಲಿ ಸಿಲಿಂಡರಿನ ಅದುಮುವ ಪ್ರಮಾಣವನ್ನು 10.25ರಷ್ಟು ಮೇಲೆಯೇ ಇಟ್ಟು, ನಾಕಿಂಗ್ ತಡೆಯಲು ನೀರು ಮತ್ತು ಮೆಥನಾಲಿನ ದ್ರವವನ್ನು ಒಳಕ್ಕೆ ಸಿಂಪಡಿಸುವ ಏರ್ಪಾಡು ಮಾಡಿದರು. ಆ ಶೀಸೆಯನ್ನು ಆಗಾಗ ತುಂಬಬೇಕಿತ್ತು, ಮಾಲೀಕರು ಮರೆತರು. ಎರಡೇ ವರ್ಷದಲ್ಲಿ ಆ ಕಾರು ನಿಂತುಹೋಯಿತು. ಷೆವ್ರೊಲೆ ಕೊರ್ವೇರ್ ಸ್ಪೈಡರಿನವರು ಅದುಮುವ ಪ್ರಮಾಣವನ್ನೇ 8ಕ್ಕೆ ಇಳಿಸಿ, ಒಳಗಿನ ಕೆಲವು ಭಾಗಗಳಿಗೆ ಗಟ್ಟಿ ಲೋಹ ಹಾಕಿ, 150 ಅಶ್ವಶಕ್ತಿ ತೆಗೆದರು. ಟರ್ಬೊ ಇಲ್ಲದ ಅದರ ಸೋದರನಿಗೆ ಹೆಚ್ಚೆಂದರೆ 102. ಆ ಜಾತಿ ಕೆಲವು ಕಾಲ ಬಾಳಿತು.

ಆ 1962ಕ್ಕೇ ಸೇರಿದ ಮತ್ತೊಂದು ಕಥೆಯುಂಟು. ಹುಡುಗರು ಇದನ್ನೇ ತಮ್ಮ ಪಕ್ಷಕ್ಕೆ ಸಾಕ್ಷಿಯಾಗಿ ನಿಲ್ಲಿಸುತ್ತಾರೆ. ಬಿ.ಎಂ.ಡಬ್ಲ್ಯು. ಕಂಪೆನಿ ಆ ವರ್ಷ ತನ್ನ 1500 ಎಂಬ ಕಾರಿನಲ್ಲಿ ಒಂದು ನಾಲ್ಕು ಸಿಲಿಂಡರಿನ ಇಂಜಿನು ತಂದಿತು. ಶಕ್ತಿ 80 ಅಶ್ವ. ಅದೇ ವಂಶದ ಎರಕದ ಬ್ಲಾಕಿಗೆ ಟರ್ಬೊ ಹಾಕಿ, 1983ರಲ್ಲಿ ನೆಲ್ಸನ್ ಪಿಕೆ ಬ್ರಾಭಮ್ ಕಾರಿನಲ್ಲಿ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಆದ. 1986ರ ವೇಳೆಗೆ, ಓಟದ ಹಿಂದಿನ ದಿನದ ಅರ್ಹತಾ ಸುತ್ತಿನಲ್ಲಿ ಅದು 1300ರ ಆಸುಪಾಸು ಕೊಡುತ್ತಿತ್ತೆಂದು ಅಂದಾಜು. ಅಳೆಯುವ ಯಂತ್ರಕ್ಕೇ ಅಷ್ಟು ಅಳೆಯುವ ಶಕ್ತಿ ಇರಲಿಲ್ಲವಂತೆ. "ನೋಡಿ, ಸ್ಟಾಕ್ ಬ್ಲಾಕು!" ಎನ್ನುತ್ತಾರೆ ಹುಡುಗರು. ಸರಿಯೆ. ಆದರೆ ಸ್ಟಾಕ್ ಆಗಿ ಉಳಿದದ್ದು ಬ್ಲಾಕು ಮಾತ್ರ. ಪಿಸ್ಟನು, ಕನೆಕ್ಟಿಂಗ್ ರಾಡು, ಕ್ರ್ಯಾಂಕು, ಮೇಲಿನ ಹೆಡ್ಡು ಎಲ್ಲವೂ ಓಟಕ್ಕೆಂದೇ ಬೇರೆ ಮಾಡಿದವು. ಮೇಲಾಗಿ ಆ 1300ರ ಇಂಜಿನಿನ ಆಯುಷ್ಯ ಕೆಲವೇ ಸುತ್ತು. ಸಂಜೆಗೆ ಬಿಚ್ಚಿ ಬದಿಗಿಡುತ್ತಿದ್ದರು. ಎಷ್ಟು ತಡೆದೀತು ಎಂದು ಕೇಳುವವರು ಎಷ್ಟು ಹೊತ್ತು ಎಂಬುದನ್ನೂ ಕೇಳಬೇಕೆಂಬುದು ನಮಗೆ ಹೊಳೆದದ್ದು ಇಲ್ಲಿ.

ಒಂದು ಭಾನುವಾರ ಹುಡುಗನನ್ನು ಕರೆದುಕೊಂಡು ಎಸ್ಟೇಟಿನ ಒಂದು ಗ್ಯಾರೇಜಿಗೆ ಹೋದೆವು. ಅಲ್ಲಿಯ ಮಿಸ್ತ್ರಿ ಬೆಳಗಾವಿ ಕಡೆಯವರು, ಮೂವತ್ತು ವರ್ಷದಿಂದ ಇಂಜಿನು ಬಿಚ್ಚುವವರು. ಯಾವನೋ ಗಿರಾಕಿ ಬೇರೆಲ್ಲೋ ಟರ್ಬೊ ಹಾಕಿಸಿ, ಆರು ತಿಂಗಳಿಗೆ ಎಳೆದು ತಂದ ಕಾರಿನ ಪಿಸ್ಟನನ್ನು ಅವರು ಹಳೆಯ ಮರಾಠಿ ಪತ್ರಿಕೆಯ ಮೇಲೆ ಇಟ್ಟು ತೋರಿಸಿದರು. ಮೇಲ್ಭಾಗ ಸರಿಯಾಗಿಯೇ ಇತ್ತು. ರಿಂಗು ಕೂರುವ ಎರಡು ಕಾಲುವೆಗಳ ನಡುವಿನ ತೆಳು ಅಂಚು ಮಾತ್ರ, ಚಕ್ಕುಲಿ ಮುರಿದಂತೆ, ಉಗುರಿನಷ್ಟು ಉದ್ದ ಚಕ್ಕೆ ಎದ್ದು ಹೋಗಿತ್ತು. ಹುಡುಗ ಅದನ್ನು ಬೆರಳಿನಿಂದ ಮುಟ್ಟಿ ನೋಡಿದ.

"ತಮ್ಮಾ, ಇಂಜಿನ್ ಕೆಟ್ಟದ್ದಲ್ಲೋ. ಒಂದ ಎತ್ತಿನ ಗಾಡಿಗೆ ಎರಡ ಗಾಡಿ ಹೇರಿದ್ರ ಎತ್ತು ಏನ ಮಾಡೀತು?" ಎಂದರು ಮಿಸ್ತ್ರಿ. ಮೊದಲು ಹೋಗುವುದು ಈ ಅಂಚು. ಇಲ್ಲವೆ ಹೆಡ್ ಗ್ಯಾಸ್ಕೆಟ್ಟು. ಅದೂ ತಡೆದರೆ ರಾಡು ಬಗ್ಗುತ್ತದೆ. ಎಲ್ಲವೂ ತಡೆದರೆ ಕ್ಲಚ್ಚು ಜಾರುತ್ತದೆ, ಗೇರಿನ ಹಲ್ಲು ಹೋಗುತ್ತದೆ ಎಂದು ಅವರು ಒಂದೊಂದನ್ನೇ ಬೆರಳು ಮಡಚಿ ಹೇಳಿದರು. ಇಂಜಿನನ್ನು ಅತಿ ವೇಗದಲ್ಲಿ ಓಡಿಸಿದರೆ ರಾಡನ್ನು ಹರಿಯುವ ಎಳೆತ ವೇಗದ ವರ್ಗದಂತೆ ಏರುತ್ತದೆ: ಮೂರು ಸಾವಿರ ಸುತ್ತಿನಲ್ಲಿ ಇದ್ದದ್ದು ಆರು ಸಾವಿರದಲ್ಲಿ ನಾಲ್ಕು ಪಟ್ಟು. ಟರ್ಬೊದ ಭಾರ ಬೇರೆ ಬಗೆಯದು. ಅದು ಕಡಮೆ ಸುತ್ತಿನಲ್ಲೇ ಮೇಲಿನಿಂದ ಒತ್ತುತ್ತದೆ. ಘಟ್ಟದ ಏರಿನಲ್ಲಿ, ಐದು ಜನ ಕೂತು, ದೊಡ್ಡ ಗೇರಿನಲ್ಲಿ ಆಕ್ಸಿಲರೇಟರು ಪೂರ್ತಿ ಅದುಮಿದಾಗ ರಾಡಿಗೆ ಪರೀಕ್ಷೆಯ ಹೊತ್ತು. ಊರಿಗೆ ಹೋಗುವ ನಮ್ಮ ಜನರ ದಾರಿಯೇ ಇಂಥದ್ದು. ಪುಣೆ ದಾಟಿದ ಮೇಲೆ ಖಂಬಾಟಕಿ, ಕರಾವಳಿಗಾದರೆ ಕಶೇಡಿ.

ಹಾಗಾದರೆ ಒಂದು ಸಂಖ್ಯೆ ಹೇಳಲಿಕ್ಕಾಗದೆ? ಹೇಳಬಹುದು. ಅದಕ್ಕೆ ಗ್ಯಾರೇಜಿನ ಬಾಯಿಮಾತಿಗಿಂತ ಕಾರ್ಖಾನೆಯವರು ಸ್ವತಃ ಎಷ್ಟಕ್ಕೆ ನಿಂತರೆಂದು ನೋಡುವುದು ಮೇಲು. 2018ರಲ್ಲಿ ಟಾಟಾದವರು ಕೊಯಮತ್ತೂರಿನ ಜಯೇಮ್ ಸಂಸ್ಥೆಯೊಡನೆ ಸೇರಿ ಟಿಯಾಗೊ ಜೆ.ಟಿ.ಪಿ. ಎಂಬ ಕಾರು ತಂದಿದ್ದರು. ಮಾಮೂಲಿ ಟಿಯಾಗೊದ 1.2 ಲೀಟರು ಪೆಟ್ರೋಲಿಗೆ 85. ಅದೇ ಗಾತ್ರದ ಟರ್ಬೊಗೆ 114. ರೆನೊ ಕೈಗರ್ 2021ರಲ್ಲಿ ಬಂದಾಗ 999 ಸಿ.ಸಿ.ಯ ಎರಡು ಇಂಜಿನು. ಟರ್ಬೊ ಇಲ್ಲದ್ದಕ್ಕೆ 72, ಇದ್ದದ್ದಕ್ಕೆ 100. ಆದರೆ ಎರಡನೆಯದರ ರಚನೆಯೇ ಬೇರೆ. ಸಿಲಿಂಡರಿನ ಒಳಗೋಡೆಗೆ ಕನ್ನಡಿಯಂಥ ವಿಶೇಷ ಲೇಪ. ಎಂಜಿನಿಯರುಗಳ ದಂಡು, ಪ್ರಯೋಗಶಾಲೆ, ಹೊಸ ಪಿಸ್ಟನು ಎಲ್ಲ ಇದ್ದೂ ಕಾರ್ಖಾನೆಯವರು ನಿಂತದ್ದು ನೂರಕ್ಕೆ ಮೂವತ್ತನಾಲ್ಕು, ನಲವತ್ತರ ಹೆಚ್ಚಳಕ್ಕೆ! ಹ್ಯುಂಡೈಯವರಂತೂ ತಮ್ಮ ಒಂದೇ 1.0 ಲೀಟರಿನ ಟರ್ಬೊವನ್ನು ವೆನ್ಯೂ ಕಾರಿನಲ್ಲಿ 120ಕ್ಕೂ ನಿಯೊಸ್ ಕಾರಿನಲ್ಲಿ 100ಕ್ಕೂ ಕಟ್ಟಿಹಾಕಿದ್ದರು.

ಸಾಧಾರಣ ಪೆಟ್ರೋಲ್ ಇಂಜಿನಿಗೆ 0.4 ಬಾರಿನಷ್ಟು ಮೃದುವಾದ ಒತ್ತಡ, ಒಳ್ಳೆಯ ಇಂಟರ್‌ಕೂಲರು, ದೊಡ್ಡ ಇಂಜೆಕ್ಟರು, ಇ.ಸಿ.ಯು. ಎಂಬ ಕಂಪ್ಯೂಟರಿಗೆ ಬಲ್ಲವರಿಂದ ಹೊಸ ಲೆಕ್ಕ ಇಷ್ಟಿದ್ದರೆ ಮೂರನೆಯ ಒಂದು ಪಾಲು ಹೆಚ್ಚಿಗೆ ಬಂದೀತೆಂಬುದೇ ಎಚ್ಚರಿಕೆಯುಳ್ಳ ಕಸಬುದಾರರ ಅಂದಾಜು. ಅರ್ಧ ಪಾಲಿಗೆ ಕೈಹಾಕಿದರೆ ಪ್ರತಿದಿನವೂ ಜೂಜು. ನಮ್ಮ ಹುಡುಗನ 83ಕ್ಕೆ ಇದು 110ರ ಸುಮಾರು. ಅವನಿಗೆ ಆಸೆ ತೋರಿಸಿದ 150 ಎಂದರೆ ಸುಮಾರು ನೂರಕ್ಕೆ ಎಂಬತ್ತು ಹೆಚ್ಚು. ಪೆಟ್ರೋಲಿನ ಗುಣವೂ ಇದರಲ್ಲಿ ಸೇರಿದೆ. ಆಕ್ಟೇನು ಹೆಚ್ಚಿದಷ್ಟೂ ನಾಕಿಂಗ್ ದೂರ. ಇಂಡಿಯನ್ ಆಯಿಲಿನವರು 2020ರ ಡಿಸೆಂಬರಿನಲ್ಲಿ 100 ಆಕ್ಟೇನಿನ ಪೆಟ್ರೋಲು ತಂದರು. ಆದರೆ ಅದು ಬೆಲೆ ಹೆಚ್ಚು, ಎಲ್ಲ ಬಂಕಿನಲ್ಲೂ ಸಿಗುವುದಿಲ್ಲ. ಗದಗಿನ ದಾರಿಯಲ್ಲಿ ರಾತ್ರಿ ಹತ್ತಕ್ಕೆ ಸಿಕ್ಕಿದ್ದನ್ನು ಹಾಕಿಸಿಕೊಳ್ಳಬೇಕಾದವರು ಏನು ಮಾಡಬೇಕು?

ಡೀಸೆಲಿನ ಮಾತು ಬೇರೆ. ಅಲ್ಲಿ ಇಂಜಿನು ಮೊದಲೇ ದಪ್ಪ ಎರಕದ್ದು. ಡೀಸೆಲನ್ನು ಬೇಕಾದ ಕ್ಷಣಕ್ಕೆ ಚಿಮ್ಮಿಸುವುದರಿಂದ ಪೆಟ್ರೋಲಿನ ಆ ನಾಕಿಂಗಿನ ಪೀಡೆಯಿಲ್ಲ. ನಮ್ಮ ಜನ ಊರಿಗೆ ಹೋಗಲು ಬಾಡಿಗೆಗೆ ಹಿಡಿಯುವ ಇನ್ನೋವಾವನ್ನೇ ನೋಡಿ. ಕರ್ನಾಟಕದ ಬಿಡದಿಯಲ್ಲಿ ತಯಾರಾದ ಕಾರು, 2005ರಲ್ಲಿ ಬಂತು. ಅದರ 2494 ಸಿ.ಸಿ.ಯ ಡೀಸೆಲ್ ಇಂಜಿನು ಟರ್ಬೊ ಇದ್ದೂ 102 ಅಶ್ವಶಕ್ತಿಯನ್ನಷ್ಟೇ ಕೊಡುತ್ತಿತ್ತು, ಇಂಟರ್‌ಕೂಲರ್ ಇರಲಿಲ್ಲ. ಅದೇ ಬಿಡದಿಯ ಫಾರ್ಚೂನರ್ 2012ರಲ್ಲಿ ಅದೇ ಗಾತ್ರದ, ಅದೇ ವಂಶದ ಇಂಜಿನನ್ನು ಪಡೆಯಿತು. ರೆಕ್ಕೆ ಹೊರಳಿಸುವ ಟರ್ಬೊ, ಇಂಟರ್‌ಕೂಲರ್ ಸೇರಿ 144. ಅಂದರೆ ಇನ್ನೋವಾದಲ್ಲಿ ನಲವತ್ತೆರಡು ಕುದುರೆಗಳನ್ನು ಲಾಯದಲ್ಲೇ ಕಟ್ಟಿ ಹಾಕಿದ್ದರು! ಕೆಲವರಿಗೆ ಇದು ಕಂಪೆನಿಯ ಜಿಪುಣತನವೆಂದು ತೋರೀತು. ನಾವು ಹಾಗೆ ತಿಳಿಯುವುದಿಲ್ಲ. ಎಂಟು ಜನ, ಮಾಳಿಗೆಯ ಮೇಲೆ ಗಂಟುಮೂಟೆ, ಕಲಬೆರಕೆ ಡೀಸೆಲು, ತಡವಾದ ಆಯಿಲ್ ಬದಲಾವಣೆ, ಇವೆಲ್ಲವನ್ನೂ ಸಹಿಸಿ ಟ್ಯಾಕ್ಸಿಗಳು ಲಕ್ಷಾಂತರ ಕಿಲೋಮೀಟರು ಓಡಿದ್ದರ ಹಿಂದೆ ಈ ಮಿಗತೆಯೂ ಉಂಟು. ಟರ್ಬೊ ಹಾಕುವವನು ಬಳಸುವುದು ಇದೇ ಗಂಟನ್ನು. ಪುಣೆಯ ಬಳಿಯ ರಾಂಜಣಗಾವಿನಲ್ಲಿ ತಯಾರಾಗುತ್ತಿದ್ದ ಫಿಯಟ್ಟಿನ 1248 ಸಿ.ಸಿ. ಡೀಸೆಲೂ ಹೀಗೆಯೇ, ಕಾರಿಗೆ ತಕ್ಕಂತೆ 75 ಅಥವಾ 90 ಕೊಡುತ್ತಿತ್ತು.

ಇನ್ನು ಕಾನೂನು. ಇದರ ಭಾಷೆ ನಮಗೆ ದಿನದ ಅಭ್ಯಾಸ, ಆದ್ದರಿಂದ ಚುಟುಕಾಗಿ ಹೇಳುತ್ತೇವೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪುಸ್ತಕದಲ್ಲಿರುವ ವಿವರ ತಯಾರಕರು ಕೊಟ್ಟ ವಿವರಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಇಂಥ ಬದಲಾವಣೆ ಮಾಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಸಜೆ, ಅಥವಾ ಒಂದೊಂದು ಬದಲಾವಣೆಗೆ ಐದು ಸಾವಿರ ದಂಡ, ಇಲ್ಲವೆ ಎರಡೂ ಎಂದು ಬರೆದರು. ವಿಮೆಯವರಿಗೆ ತಿಳಿಸದೆ ಮಾಡಿಸಿದ ಕೆಲಸ ಅಪಘಾತದ ದಿನ ಕ್ಲೇಮು ತಿರಸ್ಕರಿಸಲು ಅವರ ಕೈಗೆ ಕಾರಣ ಕೊಡುತ್ತದೆ. ಟ್ರ್ಯಾಕಿನ ಮೇಲೆ ಮಾತ್ರ ಓಡುವ ಕಾರಿನ ಪ್ರಶ್ನೆ ಪ್ರತ್ಯೇಕ. ಅಜ್ಜಿ ಕೂರುವ ಕಾರಿಗೆ ಅದು ಅನ್ವಯಿಸದು.

ಹುಡುಗನ ತಂದೆಗೆ ನಾವು ಹೇಳಿದ್ದು ಎರಡೇ ಮಾತು. ಆಸೆ ತಪ್ಪಲ್ಲ, ಆದರೆ ಈ ಎರಡು ಲಕ್ಷಕ್ಕೆ ಈಗಿನ ಕಾರಿನ ಮಾರಾಟದ ಹಣ ಸೇರಿಸಿದರೆ ಕಂಪೆನಿಯೇ ಟರ್ಬೊ ಹಾಕಿಕೊಟ್ಟ ಕಾರು ಹಳೆಯದರಲ್ಲಿ ದೊರಕುತ್ತದೆ, ಅದರ ಪಿಸ್ಟನು ಅದಕ್ಕೆಂದೇ ಮಾಡಿದ್ದು. ಹುಡುಗ ಪೂರ್ತಿ ಒಪ್ಪಿದನೆಂದು ಹೇಳಲಾರೆವು. ಮುಖ ಊದಿಸಿಕೊಂಡು ಹೋದವನು, ಮಿಸ್ತ್ರಿಯ ಬಳಿ ಆ ಮುರಿದ ಪಿಸ್ಟನನ್ನು ಬೇಡಿ ತಂದು ಮನೆಯ ಷೋಕೇಸಿನಲ್ಲಿ ಇಟ್ಟಿದ್ದಾನಂತೆ.

ಈಗ ಹೊಸ ಕಾರುಗಳಲ್ಲಿ ಎಷ್ಟೋ ಟರ್ಬೊಗಳೇ. ಅಂಥದನ್ನು ಕೊಂಡ ಮನೆಯವರಿಗೆ ಮಿಸ್ತ್ರಿ ಹೇಳಿಕಳಿಸಿದ ಸೂಚನೆ ಇದು. ಟರ್ಬೊದ ಅಚ್ಚು ತೇಲುವುದು ಇಂಜಿನ್ ಆಯಿಲಿನ ತೆಳು ಪದರದ ಮೇಲೆ. ಕಂಪೆನಿ ಹೇಳಿದ ದರ್ಜೆಯ ಆಯಿಲನ್ನೇ, ಹೇಳಿದ ಹೊತ್ತಿಗೆ ಹಾಕಿಸಬೇಕು. ಬೆಳಿಗ್ಗೆ ಚಾಲೂ ಮಾಡಿದೊಡನೆ ಜೋರಾಗಿ ಎಳೆಯಬಾರದು. ಘಟ್ಟ ಹತ್ತಿ ಚಹಾಕ್ಕೆ ನಿಲ್ಲಿಸುವಾಗ ಒಡನೆ ಕೀಲಿ ತಿರುಗಿಸದೆ ಒಂದು ನಿಮಿಷ ಇಂಜಿನನ್ನು ಹಾಗೆಯೇ ಓಡಲು ಬಿಡಬೇಕು, ಇಲ್ಲವಾದರೆ ಕಾದ ಅಚ್ಚಿನ ಸುತ್ತಲಿನ ಆಯಿಲು ಅಲ್ಲೇ ಸುಟ್ಟು ಕರಿ ಹಿಡಿಯುತ್ತದೆ. ಅಷ್ಟರೊಳಗೆ ಹಿಂದಿನ ಸೀಟಿನವರು ಚಪ್ಪಲಿ ಹುಡುಕಿಕೊಂಡು ಇಳಿದಿರುತ್ತಾರೆ.